ಕಾನ್ಫರೆನ್ಸಿನಲ್ಲಿ ವರ್ಣಭೇದದ ಠರಾವು, ಆಫ್ರಿಕಾದ ವಿದ್ಯಾರ್ಥಿಗಳಿಗೆ ಕಾಣಿಕೆ: ಎರಡನ್ನೂ ಒಟ್ಟಿಗೆ ತಯಾರಿಸುವ ಬಗೆ

ಅಮೆರಿಕದ ಯುನೈಟೆಡ್ ಮೆಥೊಡಿಸ್ಟ್ ಚರ್ಚಿನ ಒಂದೊಂದು ಪ್ರಾಂತದವರೂ ವರ್ಷಕ್ಕೊಮ್ಮೆ, ಹೆಚ್ಚಾಗಿ ಮೇ ಕೊನೆಗೋ ಜೂನ್‌ನಲ್ಲೋ, ಆನ್ಯುಯಲ್ ಕಾನ್ಫರೆನ್ಸಿಗೆ ಸೇರುತ್ತಾರೆ. ಬಿಷಪ್ ಅಧ್ಯಕ್ಷತೆ ವಹಿಸುತ್ತಾರೆ. ಪಾಸ್ಟರ್‌ಗಳು ಎಷ್ಟು ಜನವೋ ಲೇ ಸದಸ್ಯರೂ (ಪಾದ್ರಿಗಳಲ್ಲದ ಸಾಮಾನ್ಯ ಸದಸ್ಯರು) ಅಷ್ಟೇ ಜನ ಇರಬೇಕೆಂಬುದು ನಿಯಮ. ಈ ಕೂಟಗಳಲ್ಲಿ ಎರಡು ವಿಷಯ ಮತ್ತೆ ಮತ್ತೆ ಬರುತ್ತವೆ. ಒಂದು, ವರ್ಣಭೇದದ ವಿರುದ್ಧ ಠರಾವು. ಇನ್ನೊಂದು, ಜಿಂಬಾಬ್ವೆಯ ಆಫ್ರಿಕಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ಕಾಣಿಕೆ. ಎಷ್ಟೋ ಕಡೆ ಇವನ್ನು ಎರಡು ಬೇರೆ ಸಮಿತಿಗಳು ತಯಾರಿಸುತ್ತವೆ, ಒಂದು ಸಮಿತಿಗೆ ಇನ್ನೊಂದರ ಸುದ್ದಿಯೇ ಇರುವುದಿಲ್ಲ. ಆಗ ಠರಾವು ಚಪ್ಪಾಳೆಗೆ ಮುಗಿಯುತ್ತದೆ, ಕಾಣಿಕೆ ದಾನವಾಗಿ ಉಳಿಯುತ್ತದೆ. ಎರಡನ್ನೂ ಒಂದೇ ಕೆಲಸವೆಂದು ಹಿಡಿದು, ಜವಾಬ್ದಾರಿ ಹೊರುವವರ ಹೆಸರು, ಮೊತ್ತ, ತಾರೀಖು ಮೂರನ್ನೂ ಕಾಗದದ ಮೇಲೆ ತರುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಕಾನ್ಫರೆನ್ಸಿನ ಅಧಿಕಾರ ಎಲ್ಲಿಯವರೆಗೆ

ತನ್ನ ಬಜೆಟ್ಟು, ತನ್ನ ಮಂಡಳಿಗಳು, ತನ್ನ ಪಾಸ್ಟರ್‌ಗಳ ತರಬೇತಿ ಇವುಗಳ ಮಟ್ಟಿಗೆ ಕಾನ್ಫರೆನ್ಸ್ ಖಡಾಖಂಡಿತವಾಗಿ ಆದೇಶಿಸಬಹುದು. ಇಡೀ ಪಂಗಡದ ಕಾನೂನು ತಿದ್ದುವ ಅಧಿಕಾರ ಇರುವುದು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಸೇರುವ ಜನರಲ್ ಕಾನ್ಫರೆನ್ಸಿಗೆ. 2020ರಲ್ಲಿ ನಡೆಯಬೇಕಿದ್ದದ್ದು ಮುಂದೆ ಹೋಗಿ 2024ರಲ್ಲಿ ಷಾರ್ಲೆಟ್ ನಗರದಲ್ಲಿ ನಡೆಯಿತು. ಆಫ್ರಿಕಾ ವಿಶ್ವವಿದ್ಯಾಲಯಕ್ಕೂ ತನ್ನದೇ ಆಡಳಿತ ಮಂಡಳಿ ಇದೆ. ಹಾಗಾಗಿ ‘ವಿಶ್ವವಿದ್ಯಾಲಯವು ನಮ್ಮ ಪ್ರಾಂತ ಸೂಚಿಸಿದ ಐವರಿಗೆ ಸೀಟು ಕೊಡತಕ್ಕದ್ದು’ ಎಂಬಂಥ ವಾಕ್ಯ ಬರೆಯಬೇಡಿ. ತನ್ನ ಕೈಕೆಳಗಿನವರಿಗೆ ‘ಮಾಡತಕ್ಕದ್ದು’, ಹೊರಗಿನವರಿಗೆ ‘ವಿನಂತಿಸುತ್ತದೆ’: ಇಷ್ಟು ಎಚ್ಚರ ಸಾಕು. ಈ ಎಚ್ಚರ ತಪ್ಪಿದರೆ ಯಾರಾದರೊಬ್ಬರು ಎದ್ದು ಲಿಖಿತವಾಗಿ ಕಾನೂನಿನ ಪ್ರಶ್ನೆ ಹಾಕುತ್ತಾರೆ. ಬಿಷಪ್ 30 ದಿನದೊಳಗೆ ಬರಹದಲ್ಲಿ ತೀರ್ಪು ಕೊಡಬೇಕು, ಅದು ಪಂಗಡದ ಅತ್ಯುನ್ನತ ನ್ಯಾಯಮಂಡಳಿಯಾದ ಒಂಬತ್ತು ಸದಸ್ಯರ ಜುಡಿಶಿಯಲ್ ಕೌನ್ಸಿಲ್‌ಗೆ ಪರಿಶೀಲನೆಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಜನರ ಉತ್ಸಾಹ ಆರಿರುತ್ತದೆ.

ಅಕ್ಟೋಬರ್‌ನಿಂದ ಜೂನ್‌ವರೆಗೆ

ಜೂನ್ ಮೊದಲ ವಾರ ಕಾನ್ಫರೆನ್ಸ್ ಎಂದಿಟ್ಟುಕೊಳ್ಳಿ. ಕೆಲಸ ಹಿಂದಿನ ಅಕ್ಟೋಬರ್‌ನಲ್ಲೇ ಶುರುವಾಗಬೇಕು. ಮೊದಲು ಕಾನ್ಫರೆನ್ಸ್ ಸೆಕ್ರೆಟರಿಯಿಂದ ಸ್ಟ್ಯಾಂಡಿಂಗ್ ರೂಲ್ಸ್, ಅಂದರೆ ಸಭೆ ನಡೆಸುವ ಸ್ಥಾಯಿ ನಿಯಮಗಳನ್ನು ತರಿಸಿಕೊಂಡು ಮೂರು ವಿಷಯ ಗುರುತು ಹಾಕಿಕೊಳ್ಳಿ: ಠರಾವು ಸಲ್ಲಿಸಲು ಕೊನೆಯ ದಿನ, ಎಷ್ಟು ಜನರ ಸಹಿ ಬೇಕು, ಒಬ್ಬರಿಗೆ ಮಾತಾಡಲು ಎಷ್ಟು ನಿಮಿಷ. ಇವು ಪ್ರಾಂತದಿಂದ ಪ್ರಾಂತಕ್ಕೆ ಬೇರೆ. ಪಕ್ಕದ ಪ್ರಾಂತದವರು ಹೇಳಿದ ತಾರೀಖು ನಂಬಿ ಗಡುವು ತಪ್ಪಿಸಿಕೊಂಡವರು ಸಾಕಷ್ಟಿದ್ದಾರೆ. ಗಡುವು ದಾಟಿದ ಠರಾವನ್ನು ಎತ್ತಿಕೊಳ್ಳಬೇಕಾದರೆ ಸಾಮಾನ್ಯವಾಗಿ ನಿಯಮ ಅಮಾನತು ಮಾಡುವ ಮತ ಬೇಕು, ಅದಕ್ಕೆ ಮೂರನೇ ಎರಡರಷ್ಟು ಬಹುಮತ ಬೇಕು.

ನವೆಂಬರ್‌ನಲ್ಲಿ ಮೂರು ಕಡೆಯವರನ್ನು ಒಂದೇ ಮೇಜಿಗೆ ಕರೆಯಿರಿ: ಧರ್ಮ ಮತ್ತು ಜನಾಂಗ ಆಯೋಗದಿಂದ ಇಬ್ಬರು, ಜಾಗತಿಕ ಸೇವಾ ಮಂಡಳಿಯಿಂದ ಇಬ್ಬರು, ಹಣಕಾಸು ಮತ್ತು ಆಡಳಿತ ಮಂಡಳಿಯಿಂದ ಒಬ್ಬರು. ಐವರಿಗಿಂತ ಹೆಚ್ಚಾದರೆ ಕರಡು ಮುಗಿಯುವುದಿಲ್ಲ. ಆ ಹಣಕಾಸಿನವರನ್ನು ಬಿಟ್ಟು ಮುಂದುವರಿಯಲೇಬೇಡಿ. ಖರ್ಚಿರುವ ಠರಾವು ಅವರ ಕಣ್ಣಿಗೆ ಬೀಳದೆ ನೇರ ಸಭಾಂಗಣಕ್ಕೆ ಬಂದರೆ ‘ಪರಿಶೀಲನೆಗೆ ಕಳಿಸೋಣ’ ಎಂಬ ಒಂದೇ ಸೂಚನೆ ಅದನ್ನು ಒಂದು ವರ್ಷ ಹಿಂದಕ್ಕೆ ತಳ್ಳುತ್ತದೆ. ಜನವರಿಯಲ್ಲಿ ಕರಡು, ಫೆಬ್ರವರಿಯಲ್ಲಿ ಹಣಕಾಸು ಮಂಡಳಿಯ ಒಪ್ಪಿಗೆ, ಏಪ್ರಿಲ್-ಮೇನಲ್ಲಿ ಡಿಸ್ಟ್ರಿಕ್ಟ್ ಮಟ್ಟದ ಮುನ್ನೋಟದ ಸಭೆಗಳು. ಮುನ್ನೋಟದ ಸಭೆಗಳಲ್ಲಿ ಕೇಳಿಬಂದ ಆಕ್ಷೇಪಗಳನ್ನು ಬರೆದಿಟ್ಟುಕೊಳ್ಳಿ, ಜೂನ್‌ನಲ್ಲಿ ಮೈಕಿನ ಮುಂದೆ ಬರುವುದೂ ಅವೇ.

ಬರೆಯುವ ಮುನ್ನ ತಿಳಿದಿರಬೇಕಾದ ಇತಿಹಾಸ

ಇಲ್ಲಿ ಅವಸರ ಬೇಡ. ಇತಿಹಾಸ ಗೊತ್ತಿಲ್ಲದೆ ಬರೆದ ಠರಾವಿನಲ್ಲಿ ವರ್ಣಭೇದ ಎಂಬುದು ಚರ್ಚಿನ ಹೊರಗೆ, ಬೀದಿಯಲ್ಲಿ ಇರುವ ಸಂಗತಿಯಂತೆ ಕಾಣುತ್ತದೆ.

1784ರ ಕ್ರಿಸ್‌ಮಸ್ ಸಮಯದಲ್ಲಿ ಬಾಲ್ಟಿಮೋರ್‌ನಲ್ಲಿ ಅಮೆರಿಕದ ಮೆಥೊಡಿಸ್ಟ್ ಚರ್ಚು ಹುಟ್ಟಿದಾಗಲೇ, ಗುಲಾಮರನ್ನು ಇಟ್ಟುಕೊಂಡ ಸದಸ್ಯರು ಅವರನ್ನು ಬಿಡುಗಡೆ ಮಾಡಬೇಕೆಂಬ ಕಟ್ಟುನಿಟ್ಟಿನ ನಿಯಮ ಪಾಸಾಗಿತ್ತು. ಮರುವರ್ಷವೇ ಅದನ್ನು ಅಮಾನತಿನಲ್ಲಿಟ್ಟರು. ಠರಾವು ಪಾಸಾಗುವುದಕ್ಕೂ ಜಾರಿಯಾಗುವುದಕ್ಕೂ ಎಷ್ಟು ದೂರ ಎಂಬುದಕ್ಕೆ ಈ ಪಂಗಡದಲ್ಲಿ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ. ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಚರ್ಚಿನಲ್ಲಿ ಅವಮಾನ ತಾಳಲಾರದೆ ಹೊರನಡೆದ ಕಪ್ಪು ಬೋಧಕ ರಿಚರ್ಡ್ ಅಲೆನ್ ಮತ್ತು ಸಂಗಡಿಗರಿಂದ ಬೆಳೆದು 1816ರಲ್ಲಿ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚು ರೂಪುಗೊಂಡಿತು. 1844ರಲ್ಲಿ ಜಾರ್ಜಿಯಾದ ಬಿಷಪ್ ಜೇಮ್ಸ್ ಆಂಡ್ರ್ಯೂ ಗುಲಾಮರ ಒಡೆಯರಾಗಿದ್ದ ಪ್ರಶ್ನೆಯ ಮೇಲೆ ಪಂಗಡ ಉತ್ತರ-ದಕ್ಷಿಣವಾಗಿ ಒಡೆಯಿತು. 1939ರಲ್ಲಿ ಮತ್ತೆ ಕೂಡಿದಾಗ ಬಿಳಿಯರ ಚರ್ಚುಗಳನ್ನು ಪ್ರದೇಶವಾರು ಐದು ವಲಯಗಳಾಗಿ ಹಂಚಿದರು. ಕಪ್ಪು ಜನರ ಬಹುತೇಕ ಚರ್ಚುಗಳನ್ನು ಮಾತ್ರ, ಅವು ಇದ್ದ ಪ್ರದೇಶ ನೋಡದೆ, ‘ಸೆಂಟ್ರಲ್ ಜುರಿಸ್‌ಡಿಕ್ಷನ್’ ಎಂಬ ಪ್ರತ್ಯೇಕ ವಲಯಕ್ಕೆ ಹಾಕಿದರು. ಚರ್ಚಿನ ಸಂವಿಧಾನದಲ್ಲೇ ಬರೆದ ಈ ಬೇರ್ಪಡಿಕೆ ಪಂಗಡದ ರಚನೆಯಿಂದ ಹೋದದ್ದು 1968ರಲ್ಲಿ, ಈಗಿನ ಯುನೈಟೆಡ್ ಮೆಥೊಡಿಸ್ಟ್ ಚರ್ಚು ರಚನೆಯಾದಾಗ. ಧರ್ಮ ಮತ್ತು ಜನಾಂಗ ಆಯೋಗವೂ ಅದೇ ವರ್ಷದ್ದು.

ಶಿಕ್ಷಣದ ಚರಿತ್ರೆಯೂ ಇದರೊಳಗೇ ಹೆಣೆದುಕೊಂಡಿದೆ. 1864ರ ನವೆಂಬರ್ 29ರಂದು ಕೊಲರಾಡೋದ ಸ್ಯಾಂಡ್ ಕ್ರೀಕ್‌ನಲ್ಲಿ ಶಾಯೆನ್ ಮತ್ತು ಅರಾಪಾಹೋ ಮೂಲನಿವಾಸಿಗಳ ಹತ್ಯಾಕಾಂಡ ನಡೆಸಿದ ಕರ್ನಲ್ ಜಾನ್ ಶಿವಿಂಗ್ಟನ್ ಮೆಥೊಡಿಸ್ಟ್ ಬೋಧಕ. ಆಗಿನ ಗವರ್ನರ್ ಜಾನ್ ಎವನ್ಸ್ ಕೂಡ ಮೆಥೊಡಿಸ್ಟರೇ. ನಾರ್ತ್‌ವೆಸ್ಟರ್ನ್ ಮತ್ತು ಡೆನ್ವರ್ ಎರಡೂ ವಿಶ್ವವಿದ್ಯಾಲಯಗಳ ಸ್ಥಾಪನೆಯಲ್ಲಿ ಅವರ ಹೆಸರಿದೆ. ಇನ್ನು ಆಫ್ರಿಕಾ ವಿಶ್ವವಿದ್ಯಾಲಯ ನಿಂತಿರುವ ಓಲ್ಡ್ ಮುತಾರೆ. ರೈಲು ಮಾರ್ಗಕ್ಕಾಗಿ ಉಮ್ತಾಲಿ (ಮುತಾರೆಯ ಆಗಿನ ಹೆಸರು) ಪಟ್ಟಣ ಗುಡ್ಡದಾಚೆಗೆ ಸ್ಥಳಾಂತರವಾದ ಮೇಲೆ, ಖಾಲಿ ಬಿದ್ದ ಹಳೆಯ ಜಾಗವನ್ನು 1898ರಲ್ಲಿ ಬ್ರಿಟಿಷ್ ವಸಾಹತುಗಾರ ಸೆಸಿಲ್ ರೋಡ್ಸ್‌ರ ಕಂಪನಿ ಮೆಥೊಡಿಸ್ಟ್ ಬಿಷಪ್ ಜೋಸೆಫ್ ಹಾರ್ಟ್ಜೆಲ್ ಅವರಿಗೆ ಕೊಟ್ಟಿತು. ಅಲ್ಲಿನ ಜನರಿಂದ ಕಿತ್ತುಕೊಂಡ ನೆಲವನ್ನು ಕೊಡುವ ಹಕ್ಕು ಕಂಪನಿಗೆ ಎಲ್ಲಿಂದ ಬಂತು? ಕಾಣಿಕೆ ಎತ್ತುವ ದಿನ ಈ ಪ್ರಶ್ನೆ ಸಭೆಯಲ್ಲಿ ಕೇಳಿಬರಬೇಕು. ವಿಶ್ವವಿದ್ಯಾಲಯ ಬೇಕೆಂದು ಪಟ್ಟುಹಿಡಿದವರು ಆಫ್ರಿಕಾದ ಮೆಥೊಡಿಸ್ಟರೇ. 1988ರಲ್ಲಿ ಜನರಲ್ ಕಾನ್ಫರೆನ್ಸ್ ಒಪ್ಪಿತು, 1992ರಲ್ಲಿ ಕೃಷಿ ಮತ್ತು ದೈವಶಾಸ್ತ್ರ ವಿಭಾಗಗಳಲ್ಲಿ 40 ವಿದ್ಯಾರ್ಥಿಗಳೊಂದಿಗೆ ಪಾಠ ಶುರುವಾಯಿತು.

ಇಷ್ಟನ್ನೂ ಠರಾವಿಗೆ ತುಂಬಬೇಡಿ. ನಿಮ್ಮ ಪ್ರಾಂತಕ್ಕೆ ನೇರ ಸಂಬಂಧಿಸಿದ ಎರಡು ಸಂಗತಿ ಆರಿಸಿಕೊಳ್ಳಿ, ಉಳಿದದ್ದು ಮಾತಾಡುವವರ ತಲೆಯಲ್ಲಿರಲಿ.

ಠರಾವಿನ ಒಳಗಿನ ಕಟ್ಟು

ಒಂದು ಪುಟ. ಮೇಲೆ ‘ಆದಕಾರಣ’ಕ್ಕೆ ಮುಂಚಿನ ಪೀಠಿಕೆಯ ಮೂರು ವಾಕ್ಯ, ಕೆಳಗೆ ತೀರ್ಮಾನದ ನಾಲ್ಕು ಕಲಂ. ಪೀಠಿಕೆ ಉದ್ದವಾದಷ್ಟೂ ತಿದ್ದುಪಡಿಗಳು ಅಲ್ಲಿಗೇ ಬಂದು ಬೀಳುತ್ತವೆ, ತೀರ್ಮಾನಕ್ಕೆ ಬರುವ ಹೊತ್ತಿಗೆ ಊಟದ ಗಂಟೆ ಹೊಡೆಯುತ್ತದೆ. ಪ್ರತಿ ಕಲಮಿಗೂ ನಾಲ್ಕು ಪ್ರಶ್ನೆ ಹಾಕಿ: ಯಾರು ಮಾಡುವವರು, ಏನು ಮಾಡುವುದು, ಯಾವ ದಿನದೊಳಗೆ, ಖರ್ಚು ಯಾವ ಲೆಕ್ಕದಿಂದ? ಒಂದಕ್ಕೆ ಉತ್ತರ ಇಲ್ಲದಿದ್ದರೂ ಆ ಕಲಂ ಇನ್ನೂ ಸಿದ್ಧವಾಗಿಲ್ಲ.

ಎಲ್ಲ ಕಡೆ ಕಾಣುವ ಬಗೆಯ ಕಲಂ ಹೀಗಿರುತ್ತದೆ: ‘ಈ ಸಭೆಯು ವರ್ಣಭೇದವನ್ನು ಖಂಡಿಸುತ್ತದೆ ಮತ್ತು ಎಲ್ಲ ಚರ್ಚುಗಳೂ ಈ ಬಗ್ಗೆ ಪ್ರಾರ್ಥನಾಪೂರ್ವಕವಾಗಿ ಚಿಂತಿಸಬೇಕೆಂದು ಆಶಿಸುತ್ತದೆ.’ ಇದಕ್ಕೆ ಯಾರೂ ವಿರೋಧಿಸುವುದಿಲ್ಲ, ಯಾರೂ ಏನೂ ಮಾಡುವುದಿಲ್ಲ. ಬದಲಿಗೆ ಹೀಗೆ ಬರೆದು ನೋಡಿ: ‘ಕಾನ್ಫರೆನ್ಸ್ ಖಜಾಂಚಿ ಮತ್ತು ಧರ್ಮ ಮತ್ತು ಜನಾಂಗ ಆಯೋಗ ಸೇರಿ, ಕಳೆದ ಐದು ವರ್ಷಗಳ ಪಾಸ್ಟರ್ ನೇಮಕಗಳನ್ನು ಜನಾಂಗ, ಸೇವಾವಧಿ, ಸಂಬಳ, ಚರ್ಚಿನ ಗಾತ್ರ ಇವುಗಳ ಪ್ರಕಾರ ಪಟ್ಟಿ ಮಾಡಿ, ಹೆಸರು ತೆಗೆದು, ಮುಂದಿನ ಮಾರ್ಚ್ 1ರೊಳಗೆ ಎಲ್ಲ ಸದಸ್ಯರಿಗೆ ಕಳಿಸತಕ್ಕದ್ದು. ಇದರ ಖರ್ಚು ಆಯೋಗದ ಈಗಿನ ಬಜೆಟ್ಟಿನಿಂದ.’ ಅಂಕಿಗಳು ಮೇಜಿಗೆ ಬಂದ ಮೇಲೆ ನಡೆಯುವ ಮಾತೇ ಬೇರೆ. ಒಂದು ಎಚ್ಚರ: ಪ್ರಾಂತದಲ್ಲಿ ಒಂದು ಜನಾಂಗದ ಪಾಸ್ಟರ್‌ಗಳು ಮೂರೋ ನಾಲ್ಕೋ ಜನ ಮಾತ್ರ ಇದ್ದರೆ ಹೆಸರು ತೆಗೆದರೂ ಗುರುತು ಸಿಗುತ್ತದೆ. ಐವರಿಗಿಂತ ಕಡಿಮೆ ಇರುವ ಗುಂಪುಗಳನ್ನು ಒಟ್ಟುಗೂಡಿಸಿ ತೋರಿಸಿ.

ನಾಲ್ಕರಲ್ಲಿ ಒಂದು ಕಲಂ ಶಿಕ್ಷಣದ್ದಾಗಿರಲಿ, ಅದರಲ್ಲಿ ಎರಡು ನಿಧಿಗಳ ಹೆಸರು ಒಟ್ಟಿಗೆ ಬರಲಿ: ಆಫ್ರಿಕಾ ವಿಶ್ವವಿದ್ಯಾಲಯ ನಿಧಿ ಮತ್ತು ಬ್ಲ್ಯಾಕ್ ಕಾಲೇಜ್ ನಿಧಿ. ಎರಡನೆಯದು 1972ರಿಂದ ಇದೆ, ಕ್ಲಾಫ್ಲಿನ್, ಡಿಲ್ಲರ್ಡ್, ಮೆಹಾರಿ ಸೇರಿ 11 ಸಂಸ್ಥೆಗಳಿಗೆ ನೆರವಾಗುತ್ತದೆ. ಸಮುದ್ರದಾಚೆಯ ವಿದ್ಯಾರ್ಥಿಗೆ ಉದಾರವಾಗಿ ಕೊಟ್ಟು, ಪಕ್ಕದ ಊರಿನ ಕಪ್ಪು ವಿದ್ಯಾರ್ಥಿಯ ನಿಧಿಯ ಪಾಲನ್ನು ಬಾಕಿ ಉಳಿಸುವುದು ಸರಿಯಲ್ಲ. ಕಳೆದ ವರ್ಷ ಈ ಎರಡು ನಿಧಿಗಳಿಗೆ ಪ್ರಾಂತ ಶೇಕಡ ಎಷ್ಟು ಕಟ್ಟಿತು ಎಂದು ಖಜಾಂಚಿಯಿಂದ ಪಡೆದು ಆ ಎರಡು ಸಂಖ್ಯೆಗಳನ್ನು ಪೀಠಿಕೆಯಲ್ಲೇ ಹಾಕಿ.

ಹಣದ ವಿಷಯ

ಹಣ ಮೂರು ದಾರಿಯಲ್ಲಿ ಹೋಗುತ್ತದೆ, ಜನ ಮೂರನ್ನೂ ಕಲಸಿಬಿಡುತ್ತಾರೆ. ಮೊದಲನೆಯದು ಅಪೋರ್ಷನ್‌ಮೆಂಟ್, ಅಂದರೆ ಪ್ರತಿ ಚರ್ಚಿಗೂ ಗೊತ್ತುಮಾಡಿದ ಪಾಲು. ಮೇಲಿನ ಎರಡು ನಿಧಿಗಳೂ ಇದರಲ್ಲಿವೆ. ಎರಡನೆಯದು ‘ಅಡ್ವಾನ್ಸ್’ ಎಂಬ ಪಂಗಡದ ದೇಣಿಗೆ ವ್ಯವಸ್ಥೆಯ ಮೂಲಕ ಒಂದು ನಿರ್ದಿಷ್ಟ ಯೋಜನೆಗೆ ಕೊಡುವ ಕೊಡುಗೆ. ಇದರಲ್ಲಿ ಪೂರ್ತಿ ಹಣ ಯೋಜನೆಗೇ ಹೋಗುತ್ತದೆ, ಆಡಳಿತದ ಖರ್ಚು ಕಡಿಯುವುದಿಲ್ಲ. ಮೂರನೆಯದು ವಿಶೇಷ ಭಾನುವಾರಗಳ ಕಾಣಿಕೆ. ಅಕ್ಟೋಬರ್ ಮೊದಲ ಭಾನುವಾರದ ವರ್ಲ್ಡ್ ಕಮ್ಯೂನಿಯನ್ ಕಾಣಿಕೆ ವಿದ್ಯಾರ್ಥಿವೇತನಗಳಿಗೂ ಅಲ್ಪಸಂಖ್ಯಾತ ಜನಾಂಗಗಳ ತರಬೇತಿಗೂ ಹೋಗುತ್ತದೆ. ಕಾನ್ಫರೆನ್ಸ್ ಕಾಣಿಕೆ ಕೊಟ್ಟ ಚರ್ಚು ‘ನಾವು ಆಫ್ರಿಕಾಕ್ಕೆ ಕೊಟ್ಟಾಯಿತಲ್ಲ’ ಎಂದು ಡಿಸೆಂಬರ್‌ನಲ್ಲಿ ಪಾಲು ಕಡಿಮೆ ಕಟ್ಟಿದರೆ ವಿಶ್ವವಿದ್ಯಾಲಯಕ್ಕೆ ಲಾಭವೇನೂ ಇಲ್ಲ. 2019ರಿಂದ 2023ರ ನಡುವೆ ಅಮೆರಿಕದ ಚರ್ಚುಗಳಲ್ಲಿ ಸುಮಾರು ಕಾಲುಭಾಗ ಪಂಗಡ ಬಿಟ್ಟಿವೆ. ಉಳಿದವರ ಪಾಲು ನಿಯತ್ತಾಗಿ ಬರುವುದು ಈಗ ಹಿಂದೆಂದಿಗಿಂತ ಮುಖ್ಯ. ಕವರಿನ ಮೇಲೆಯೇ ಅಚ್ಚು ಹಾಕಿಸಿ: ‘ಇದು ಅಪೋರ್ಷನ್‌ಮೆಂಟಿನ ಮೇಲೆ ಹೆಚ್ಚುವರಿ ಕಾಣಿಕೆ.’

ವಿದ್ಯಾರ್ಥಿವೇತನ ಘೋಷಿಸುವ ಮುನ್ನ ಇಡೀ ಕೋರ್ಸಿನ ಲೆಕ್ಕ ಹಾಕಿ. ಮೊದಲ ವರ್ಷ ಹಣ ಉಕ್ಕಿ ಬಂದು ಮೂರನೇ ವರ್ಷ ಬತ್ತಿಹೋದರೆ ಪದವಿಯ ಅರ್ಧದಲ್ಲಿ ಸಿಕ್ಕಿಬೀಳುವವನು ವಿದ್ಯಾರ್ಥಿ. ನ್ಯಾಶ್‌ವಿಲ್‌ನಲ್ಲಿರುವ ವಿಶ್ವವಿದ್ಯಾಲಯದ ಅಭಿವೃದ್ಧಿ ಕಚೇರಿಯಿಂದ ಬೋಧನಾ ಶುಲ್ಕ, ಹಾಸ್ಟೆಲು, ಊಟ, ಪುಸ್ತಕ, ಆರೋಗ್ಯ ವಿಮೆ ಬಿಡಿಬಿಡಿಯಾಗಿ ಬರಹದಲ್ಲಿ ತರಿಸಿಕೊಳ್ಳಿ. ಅಂಗೋಲಾ, ಮೊಜಾಂಬಿಕ್, ಕಾಂಗೋದಿಂದ ಬರುವವರು ಪೋರ್ಚುಗೀಸ್ ಅಥವಾ ಫ್ರೆಂಚ್‌ನಲ್ಲಿ ಓದಿದವರು. ಪಾಠ ಇಂಗ್ಲಿಷ್‌ನಲ್ಲಿ ಆದ್ದರಿಂದ ಅವರಿಗೆ ಮೊದಲು ಭಾಷಾ ತರಬೇತಿ ಬೇಕಾಗುತ್ತದೆ, ಆ ಸಮಯದ ಖರ್ಚು ಬಹಳ ಸಲ ಲೆಕ್ಕದಲ್ಲಿ ಬಿಟ್ಟುಹೋಗುತ್ತದೆ. ಬರೀ ಲೆಕ್ಕದ ಉದಾಹರಣೆಗೆ ವರ್ಷಕ್ಕೆ 6,000 ಡಾಲರ್ ಎಂದಿಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ 24,000, ಶುಲ್ಕ ಏರಿಕೆಗೆ ಶೇಕಡ 10 ಸೇರಿಸಿದರೆ 26,400. ಪ್ರಾಂತದಲ್ಲಿ 120 ಚರ್ಚುಗಳಿದ್ದರೆ ಒಂದು ಚರ್ಚಿಗೆ 220 ಡಾಲರ್, ವರ್ಷಕ್ಕೆ 55. ವೇದಿಕೆಯಿಂದ ಹೇಳಬೇಕಾದ ಸಂಖ್ಯೆ ಈ 55. ದೊಡ್ಡ ಮೊತ್ತ ಕೇಳಿದರೆ ಸಣ್ಣ ಚರ್ಚಿನವರು ಇದು ತಮಗಲ್ಲ ಎಂದು ಕೈಚೆಲ್ಲುತ್ತಾರೆ. ಶಾಶ್ವತ ನಿಧಿ ಬೇಕೆನ್ನುವವರಿಗೆ: ಅಸಲಿನ ಶೇಕಡ 4ರಷ್ಟನ್ನು ಮಾತ್ರ ಪ್ರತಿ ವರ್ಷ ಖರ್ಚು ಮಾಡುವುದಾದರೆ, 6,000 ಬರಲು 1,50,000 ಡಾಲರ್ ಅಸಲು ಬೇಕು.

ಕಾಣಿಕೆಯನ್ನು ಒಬ್ಬ ವಿದ್ಯಾರ್ಥಿಯ ಹೆಸರಿಗೆ ಕಟ್ಟಬೇಡಿ. ವ್ಯಕ್ತಿಯೊಬ್ಬರಿಗೆಂದು ಗೊತ್ತುಮಾಡಿ ಕೊಟ್ಟ ಹಣಕ್ಕೆ ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಜೊತೆಗೆ ಆ ವಿದ್ಯಾರ್ಥಿ ದಾನಿಗಳ ಮರ್ಜಿಗೆ ಸಿಲುಕುತ್ತಾನೆ. ಚೆಕ್ಕು ಕಾನ್ಫರೆನ್ಸ್ ಖಜಾಂಚಿಯ ಹೆಸರಿಗಿರಲಿ, ಮೆಮೊ ಸಾಲಿನಲ್ಲಿ ನಿಧಿಯ ಹೆಸರು ಸ್ಪಷ್ಟವಾಗಿರಲಿ. ಆ ಸಾಲು ಖಾಲಿ ಬಿಟ್ಟ ಚೆಕ್ಕುಗಳು ಸಾಮಾನ್ಯ ಖಾತೆಗೆ ಹೋಗುವುದೇ ಹೆಚ್ಚು. ಪರಸ್ಪರ ಸಂಬಂಧಿಗಳಲ್ಲದ ಇಬ್ಬರು ಅಲ್ಲೇ ಎಣಿಸಿ ಸಹಿ ಹಾಕಲಿ. 250 ಡಾಲರ್ ಅಥವಾ ಮೇಲ್ಪಟ್ಟು ಕೊಟ್ಟವರಿಗೆ ಲಿಖಿತ ರಸೀದಿ ಹೋಗಲೇಬೇಕು.

ಮುತಾರೆಯ ದನಿ ಸಭೆಗೆ ಬರಲಿ

ವಿಶ್ವವಿದ್ಯಾಲಯದವರು ಯಾರೂ ಇಲ್ಲದೆ ಅವರ ಬಗ್ಗೆ ಮಾತಾಡುವ ಕಾರ್ಯಕ್ರಮ ಬೇಡ. ಅತಿಥಿಯನ್ನು ಕರೆಸುವುದಾದರೆ ಆಹ್ವಾನ ಪತ್ರ ಅಕ್ಟೋಬರ್‌ನಲ್ಲೇ ಹೋಗಬೇಕು. ಅದರಲ್ಲಿ ತಾರೀಖು, ಜಾಗ, ಖರ್ಚು ಯಾರದು, ವಸತಿ ಎಲ್ಲಿ, ಮರಳುವ ದಿನ ಎಲ್ಲವೂ ಇರಲಿ. ವೀಸಾ ಸಂದರ್ಶನದ ದಿನ ಸಿಗಲು ತಿಂಗಳುಗಳೇ ಹಿಡಿಯಬಹುದು, ನಿಯಮಗಳು ಆಗಾಗ ಬದಲಾಗುತ್ತವೆ. ವೀಸಾ ಸಿಗದ ಸಾಧ್ಯತೆಗೂ ಮೊದಲೇ ಸಿದ್ಧರಾಗಿರಿ: 2024ರ ಜನರಲ್ ಕಾನ್ಫರೆನ್ಸಿಗೇ ಆಫ್ರಿಕಾದ ಎಷ್ಟೋ ಪ್ರತಿನಿಧಿಗಳು ಬರಲಾಗಲಿಲ್ಲ.

ವೀಡಿಯೊ ಕರೆಯಾದರೆ ಗಡಿಯಾರ ನೋಡಿ. ಜೂನ್‌ನಲ್ಲಿ ಮುತಾರೆ ಫಿಲಡೆಲ್ಫಿಯಾಕ್ಕಿಂತ 6 ಗಂಟೆ ಮುಂದಿದೆ, ಡಲ್ಲಾಸ್‌ಗಿಂತ 7, ಲಾಸ್ ಏಂಜಲೀಸ್‌ಗಿಂತ 9. ಬೆಳಗಿನ 9ಕ್ಕೆ ಇಟ್ಟುಕೊಂಡರೆ ಪೂರ್ವ ಕರಾವಳಿಯವರಿಗೂ ಅವರಿಗೂ ಹಗಲೇ. ರಾತ್ರಿಯ ಆರಾಧನೆಯಲ್ಲಿ ಇಟ್ಟರೆ ಅಲ್ಲಿ ನಡುರಾತ್ರಿ ದಾಟಿರುತ್ತದೆ. ಅಲ್ಲಿ ವಿದ್ಯುತ್ ಕಡಿತ ಸಾಮಾನ್ಯ. ಆದ್ದರಿಂದ ಐದು ನಿಮಿಷದ ರೆಕಾರ್ಡಿಂಗ್ ಒಂದು ವಾರ ಮುಂಚೆ ತರಿಸಿ, ತಂತ್ರಜ್ಞರ ಲ್ಯಾಪ್‌ಟಾಪಿನಲ್ಲೇ ಇಳಿಸಿಟ್ಟಿರಿ. ಏನು ಹೇಳಬೇಕೆಂದು ನೀವು ಬರೆದುಕೊಡಬೇಡಿ. ‘ಕೃತಜ್ಞತೆ ಹೇಳಿ’ ಎಂದು ಕೇಳಿದರೆ ಅವರು ಅಷ್ಟನ್ನೇ ಹೇಳುತ್ತಾರೆ. ‘ನಮ್ಮಿಂದ ನಿಮಗೆ ಅಡ್ಡಿಯಾಗಿರುವುದು ಯಾವುದು’ ಎಂದು ಕೇಳಿ. ಪರದೆಯ ಮೇಲೆ ಹಾಕುವ ಪ್ರತಿ ಚಿತ್ರಕ್ಕೂ ಅದರಲ್ಲಿರುವವರ ಒಪ್ಪಿಗೆ ಪಡೆಯಿರಿ. ಪ್ರಯೋಗಾಲಯ, ಗ್ರಂಥಾಲಯ, ಹೊಲದಲ್ಲಿ ಕೆಲಸ ಮಾಡುತ್ತಿರುವ ಚಿತ್ರಗಳಿರಲಿ. ಕಣ್ಣೀರು ತರಿಸುವ ಬಡತನದ ಚಿತ್ರದಿಂದ ಒಂದು ದಿನದ ಕಾಣಿಕೆ ಹೆಚ್ಚಬಹುದು. ಅದೇ ಚಿತ್ರ ಠರಾವು ಕಿತ್ತೊಗೆಯಲು ಹೊರಟ ಮನೋಭಾವಕ್ಕೇ ನೀರೆರೆಯುತ್ತದೆ.

ಮೇಜಿನ ಸುತ್ತಿನ ಮಾತುಕತೆ

ಮತಕ್ಕೆ ಹಾಕುವ ಹಿಂದಿನ ದಿನ 50 ನಿಮಿಷ ಮಾತುಕತೆಗೆ ಮೀಸಲಿಡಿ. ಮೇಜಿಗೆ ಎಂಟು ಜನ, ಒಬ್ಬರು ನಡೆಸಿಕೊಡುವವರು. ಅವರಿಗೆ ಮುಂಚೆ ಎರಡು ಗಂಟೆಯ ತರಬೇತಿ ಆಗಿರಬೇಕು. ಜನರನ್ನು ಹಂಚುವಾಗ ಪ್ರತಿ ಮೇಜಿಗೂ ಒಬ್ಬೊಬ್ಬ ಕಪ್ಪು ಸದಸ್ಯರು ಎಂದು ಸಮನಾಗಿ ಹಂಚುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಆ ಒಬ್ಬರು ಏಳು ಜನರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ. ಕನಿಷ್ಠ ಇಬ್ಬರು ಮೂವರು ಒಟ್ಟಿಗಿರಲಿ. ಕೆಲವು ಮೇಜುಗಳಲ್ಲಿ ಬಿಳಿಯರೇ ಇದ್ದರೂ ಪರವಾಗಿಲ್ಲ, ಅವರೂ ಈ ಮಾತು ತಮ್ಮತಮ್ಮಲ್ಲಿ ಆಡಿಕೊಳ್ಳಲೇಬೇಕು. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರಿಗೂ ಎರಡು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಎರಡನೇ ಸುತ್ತಿನಲ್ಲಿ ಒಂದೇ ಪ್ರಶ್ನೆ: ಠರಾವಿನ ಯಾವ ಕಲಂ ನಮ್ಮ ಚರ್ಚಿನಲ್ಲಿ ಕಷ್ಟವಾದೀತು, ಏಕೆ? ಉತ್ತರಗಳನ್ನು ಚೀಟಿಯಲ್ಲಿ ಬರೆಸಿ ಕರಡು ತಂಡಕ್ಕೆ ಅದೇ ರಾತ್ರಿ ತಲುಪಿಸಿ.

ಸಭಾಂಗಣದಲ್ಲಿ

ಸಮಿತಿಯ ಮೂಲಕ ಬಂದ ಠರಾವಿಗೆ ಅನುಮೋದಕರು ಬೇಕಿಲ್ಲ, ಹೊರಗಿನಿಂದ ಬಂದದ್ದಕ್ಕೆ ಬೇಕು. ಪರವಾಗಿ ಮಾತಾಡಲು ಮೂವರನ್ನು ಗೊತ್ತುಮಾಡಿ: ಇತಿಹಾಸ ಬಲ್ಲವರು ಒಬ್ಬರು, ಲೆಕ್ಕ ಬಲ್ಲವರು ಒಬ್ಬರು, 30 ವರ್ಷದೊಳಗಿನ ಲೇ ಸದಸ್ಯರು ಒಬ್ಬರು. ಎರಡು ನಿಮಿಷವೆಂದರೆ ಮಾತಿನ ಅವಧಿ ನಿಜಕ್ಕೂ ಎರಡೇ ನಿಮಿಷ, ಮನೆಯಲ್ಲಿ ಗಡಿಯಾರ ಹಿಡಿದು ಓದಿ ನೋಡಿಕೊಂಡು ಬರಲಿ.

ಠರಾವು ಸೋಲುವುದು ಅಪರೂಪ. ಅದು ಸೊರಗುವುದು ತಿದ್ದುಪಡಿಯಲ್ಲಿ. ‘ಮಾಡತಕ್ಕದ್ದು’ ಇದ್ದಲ್ಲಿ ‘ಪ್ರೋತ್ಸಾಹಿಸುತ್ತದೆ’ ಎಂದು ಹಾಕಿ, ತಾರೀಖು ಕಿತ್ತುಹಾಕಿದರೆ ಮುಗಿಯಿತು. ಹಾಗಾಗಿ ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಕೊಡಬಾರದು ಎಂದು ಮೊದಲೇ ನಿರ್ಧರಿಸಿರಿ. ಪೀಠಿಕೆಯ ಪದಗಳನ್ನು ಧಾರಾಳವಾಗಿ ಬಿಟ್ಟುಕೊಡಿ. ಜವಾಬ್ದಾರರ ಹೆಸರು, ತಾರೀಖು, ಲೆಕ್ಕ ಮೂರನ್ನು ಬಿಡಬೇಡಿ. ‘ಸಮಿತಿಗೆ ಕಳಿಸೋಣ’ ಎಂಬ ಸೂಚನೆ ಸರಳ ಬಹುಮತದಿಂದಲೇ ಪಾಸಾಗುತ್ತದೆ. ಅದು ಬಂದರೆ ‘ಬರುವ ಜನವರಿ 15ರೊಳಗೆ ವರದಿ ಕೊಡಬೇಕು’ ಎಂಬ ತಿದ್ದುಪಡಿಯನ್ನು ಕೂಡಲೇ ಸೇರಿಸಿ. ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಬೇಕೆನ್ನುವ ಸೂಚನೆಗೆ ಮೂರನೇ ಎರಡರಷ್ಟು ಮತ ಬೇಕು. ಪರ ಮಾತಾಡುವವರಲ್ಲೊಬ್ಬರು ಬಾಕಿ ಇರುವಾಗ ನಿಮ್ಮ ಕಡೆಯವರೇ ಆತುರಪಟ್ಟು ಆ ಸೂಚನೆ ತರದಂತೆ ನೋಡಿಕೊಳ್ಳಿ.

ಸಾಧ್ಯವಿದ್ದರೆ ಮತದಾನ ಮುಗಿದ ಕೂಡಲೇ ಕಾಣಿಕೆ ಎತ್ತುವಂತೆ ಕಾರ್ಯಸೂಚಿ ಹೊಂದಿಸಿ. ಎರಡರ ನಡುವೆ ಊಟವೋ ಪಿಂಚಣಿ ವರದಿಯೋ ಬಂದರೆ ಎರಡೂ ಮತ್ತೆ ಬೇರೆ ಬೇರೆ ವಿಷಯಗಳಾಗಿಬಿಡುತ್ತವೆ.

ಜೂನ್ ಕಳೆದ ಮೇಲೆ

ಪಾಸಾದ ಅಂತಿಮ ಪಠ್ಯವನ್ನು, ತಿದ್ದುಪಡಿ ಸಮೇತ, ಸೆಕ್ರೆಟರಿಯಿಂದ ಎರಡು ವಾರದೊಳಗೆ ಪಡೆದು ಹೆಸರಿಸಿದ ಪ್ರತಿಯೊಬ್ಬರಿಗೂ ಅವರವರ ಕಲಂ ಗುರುತು ಹಾಕಿ ಕಳಿಸಿ. ಕಾನ್ಫರೆನ್ಸಿನ ನಡಾವಳಿಯ ಪುಸ್ತಕ (ಜರ್ನಲ್) ಅಚ್ಚಾಗುವವರೆಗೆ ಕಾದರೆ ಮೊದಲ ಗಡುವೇ ದಾಟಿರುತ್ತದೆ. ಶರತ್ಕಾಲದಲ್ಲಿ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್ ನಡೆಸುವ ಚಾರ್ಜ್ ಕಾನ್ಫರೆನ್ಸ್‌ಗಳ (ಸ್ಥಳೀಯ ಚರ್ಚುಗಳ ವಾರ್ಷಿಕ ಸಭೆಗಳ) ಪ್ರಶ್ನಾವಳಿಗೆ ಎರಡು ಸಾಲು ಸೇರಿಸುವಂತೆ ಕೇಳಿಕೊಳ್ಳಿ: ಈ ಚರ್ಚು ವರ್ಷದ 55 ಡಾಲರ್ ಕೊಟ್ಟಿದೆಯೇ, ಆಫ್ರಿಕಾ ವಿಶ್ವವಿದ್ಯಾಲಯ ಮತ್ತು ಬ್ಲ್ಯಾಕ್ ಕಾಲೇಜ್ ನಿಧಿಗಳ ಪಾಲು ಪೂರ್ತಿ ಕಟ್ಟಿದೆಯೇ? ಹಣ ಹೋದ ಮೇಲೆ ನ್ಯಾಶ್‌ವಿಲ್ ಕಚೇರಿಯಿಂದ ಸ್ವೀಕೃತಿ ಪತ್ರ ಬರಬೇಕು. ಆರು ವಾರವಾದರೂ ಬಾರದಿದ್ದರೆ ಮೊದಲು ವಿಚಾರಿಸಬೇಕಾದದ್ದು ನಿಮ್ಮ ಪ್ರಾಂತದ ಖಜಾಂಚಿಯನ್ನು. ವಿದ್ಯಾರ್ಥಿಗಳ ಅಂಕಪಟ್ಟಿ ಕೇಳಬೇಡಿ, ಎಷ್ಟು ಜನ ಮುಂದಿನ ವರ್ಷಕ್ಕೆ ಹೋದರು ಎಂಬ ಸಂಖ್ಯೆ ಸಾಕು. ಮುಂದಿನ ಜೂನ್‌ಗೆ ಅರ್ಧ ಪುಟದ ವರದಿ ತಯಾರಿಸಿ: ನಾಲ್ಕು ಕಲಂ, ಪ್ರತಿಯೊಂದರ ಎದುರು ಆಗಿದೆ ಅಥವಾ ಆಗಿಲ್ಲ, ಆಗದಿದ್ದರೆ ಯಾರ ಬಳಿ ನಿಂತಿದೆ ಮತ್ತು ಹೊಸ ತಾರೀಖು ಯಾವುದು.